ಕಾಲಿಗೆ ಕಟ್ಟಿದ ಮರಳು

ನಮ್ಮ ಅಪ್ಪ ರಸ್ತೆ ಇಲಾಖೆಯಲ್ಲಿ ಮೇಸ್ತ್ರಿಯಾಗಿದ್ದ. ಕುಷ್ಟಗಿಯಿಂದ ನಾಲ್ಕೂ ದಿಕ್ಕಿಗೆ ಹೋಗುವ ರಸ್ತೆಗಳಲ್ಲಿ ಎಲ್ಲಿ ಡಾಂಬರು ಕಿತ್ತಿದೆ, ಎಲ್ಲಿ ಮೋರಿ ಕುಸಿದಿದೆ ಎಂದು ನೋಡಿಕೊಂಡು, ಗ್ಯಾಂಗಿನವರಿಂದ ಕೆಲಸ ತೆಗೆಯುವುದು ಅವನ ನೌಕರಿ. ಊರ ಹೊರಗೆ, ರಸ್ತೆಗೆ ಹತ್ತಿಕೊಂಡೇ ಇದ್ದ ಇಲಾಖೆಯ ಎರಡು ಖೋಲಿಯ ಮನೆಯಲ್ಲಿ ನಾವಿದ್ದೆವು. ಅಪ್ಪ, ಅವ್ವ, ನನಗಿಂತ ಎರಡು ವರ್ಷ ದೊಡ್ಡವಳಾದ ಅಕ್ಕ, ನಾನು.

ಹರೆಯದಲ್ಲಿ ಅಪ್ಪ ಕುಸ್ತಿ ಹಿಡಿದವನು. ಅಜ್ಜನ ಊರಿನ ಗರಡಿ ಮನೆಯಲ್ಲಿ ಸಾಮು ಮಾಡಿ, ಸುತ್ತಲಿನ ಹಳ್ಳಿಗಳ ಕಣಗಳಲ್ಲಿ ಹೆಸರು ಮಾಡಿದ್ದನಂತೆ. ಮದುವೆಯಾಗಿ, ನೌಕರಿ ಸಿಕ್ಕಿ, ಅದೆಲ್ಲ ನಿಂತುಹೋಯಿತು. ಗಂಡು ಮಕ್ಕಳು ಹುಟ್ಟಿದ್ದರೆ ಅವರ ಮೈಮೇಲೆ ಆ ವಿದ್ಯೆಯನ್ನು ಪ್ರಯೋಗ ಮಾಡುತ್ತಿದ್ದ. ಹುಟ್ಟಿದವರು ನಾವಿಬ್ಬರು. ಹಾಗಾಗಿ ಬಹಳ ವರ್ಷ ಅದು ಅವನೊಳಗೇ ಕೆಲಸವಿಲ್ಲದೆ ಕೂತಿತ್ತು.

ಅಕ್ಕ ಚಿಕ್ಕಂದಿನಿಂದಲೂ ಓಡುತ್ತಿದ್ದಳು. ಓಡು ಎಂದು ಯಾರೂ ಹೇಳಿರಲಿಲ್ಲ. ಅಪ್ಪನ ಬುತ್ತಿ ಕೊಟ್ಟು ಬರಲು ರಸ್ತೆ ಕೆಲಸದ ಜಾಗಕ್ಕೆ ಅವ್ವ ಕಳಿಸಿದರೆ ಹೋಗುವಾಗ ಗಂಟು ಬಿಚ್ಚದ ಹಾಗೆ ಎದೆಗವಚಿಕೊಂಡು ಓಡುವಳು, ಬರುವಾಗ ಕೈ ಬೀಸಿಕೊಂಡು ಓಡುವಳು. ಸಾಲಿಯ ಗಂಟೆಗೆ ಮುಂಚೆ ಮನೆ ಸೇರಿ ಕೊಡದಿಂದ ನೀರು ಬಗ್ಗಿಸಿಕೊಂಡು ಗಟಗಟ ಕುಡಿದು, ಏದುಸಿರು ಬಿಡುತ್ತ ನಗುತ್ತಿದ್ದಳು. ಆ ನಗು ನನಗೆ ಚೆನ್ನಾಗಿ ನೆನಪಿದೆ. ಆಮೇಲೆ ಓಡುವಾಗಲಾಗಲಿ, ಓಡಿ ಬಂದಾಗಲಾಗಲಿ ಅವಳು ನಕ್ಕದ್ದನ್ನು ನಾನು ಕಂಡಿಲ್ಲ.

ಅವಳು ಹೈಸ್ಕೂಲು ಸೇರಿದ ವರ್ಷ ತಾಲೂಕು ಕ್ರೀಡಾಕೂಟ ಕುಷ್ಟಗಿಯಲ್ಲೇ ನಡೆಯಿತು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಎಂಟುನೂರು ಮೀಟರ್ ಓಟಕ್ಕೆ ನಮ್ಮ ಸಾಲಿಯಿಂದ ಹುಡುಗಿಯರು ಯಾರೂ ಇಲ್ಲವೆಂದು ಡ್ರಿಲ್ ಮಾಸ್ತರರು ಅಕ್ಕನನ್ನು ನಿಲ್ಲಿಸಿದರು. ಅವಳು ಬರಿಗಾಲಲ್ಲಿ, ಪರಕಾರ ಎತ್ತಿ ಸೊಂಟಕ್ಕೆ ಸಿಗಿಸಿಕೊಂಡು ಓಡಿದಳು. ಉಳಿದವರು ಇನ್ನೂ ಆಚೆ ತಿರುವಿನಲ್ಲಿದ್ದಾಗಲೇ ಗೆರೆ ಮುಟ್ಟಿ, ಎಲ್ಲಿ ನಿಲ್ಲಬೇಕೆಂದು ಗೊತ್ತಾಗದೆ ಹಾಗೇ ಓಡುತ್ತ ಮಾಸ್ತರರ ಕುರ್ಚಿಯವರೆಗೆ ಹೋದಳು. ಮೈದಾನದ ಪಕ್ಕದ ರಸ್ತೆಯಲ್ಲಿ ಜಲ್ಲಿ ಹಾಕಿಸುತ್ತಿದ್ದ ಅಪ್ಪ ಅದನ್ನು ನೋಡಿದ.

ಅಂದು ಸಂಜೆ ಮನೆಗೆ ಬಂದವನು ಅಕ್ಕನನ್ನು ಕಟ್ಟೆಯ ಮೇಲೆ ನಿಲ್ಲಿಸಿ, ಮೀನಖಂಡವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ದನದ ಸಂತೆಯಲ್ಲಿ ಹೋರಿ ನೋಡುವವರು ಹಾಗೆ ಒತ್ತುತ್ತಾರೆ. ಮುಖದಲ್ಲಿ ಆಶ್ಚರ್ಯವಿತ್ತು.

"ನಮ್ಮನಿಯಾಗ ಇಂಥಾ ಕಾಲು ಅದಾವ ಅಂತ ನನಗ ಯಾರೂ ಹೇಳಲಿಲ್ಲಲ್ಲ" ಎಂದು ಅವ್ವನಿಗೆ ಅಂದ.

ಮರುದಿನ ಬೆಳಕು ಹರಿಯುವ ಮೊದಲೇ ನಮ್ಮಿಬ್ಬರನ್ನೂ ಎಬ್ಬಿಸಿದ.

ರಸ್ತೆಯ ಮೇಲಿನ ಫರ್ಲಾಂಗ್ ಕಲ್ಲುಗಳೆಲ್ಲ ಅಪ್ಪ ನೆಡಿಸಿದವು. ಅವು ನಮ್ಮ ಮೈದಾನವಾದವು. ಒಂದು ಕಲ್ಲಿನಿಂದ ಇನ್ನೊಂದಕ್ಕೆ ಜೀವ ಬಿಟ್ಟು ಓಡಬೇಕು, ಅಲ್ಲಿಂದ ಮುಂದಿನ ಕಲ್ಲಿನವರೆಗೆ ಸಾವಕಾಶ ಓಡಬೇಕು, ಮತ್ತೆ ಜೀವ ಬಿಟ್ಟು. ನಡೆಯುವಂತಿಲ್ಲ. ಅಪ್ಪ ಸೈಕಲ್ಲಿನ ಮೇಲೆ ಹಿಂದೆ ಬರುತ್ತಿದ್ದ. ನಾನು ಮೂರು ತಿಂಗಳಲ್ಲೇ ಅವನ ಲೆಕ್ಕದಿಂದ ಹೊರಬಿದ್ದೆ. ನನ್ನ ಕಾಲು ಗಿಡ್ಡ, ಎದೆಯಲ್ಲಿ ಗಾಳಿ ಇಲ್ಲ ಎಂದು ಅಪ್ಪ ತೀರ್ಮಾನ ಮಾಡಿದ. ಆಗ ಅವಮಾನವಾಯಿತು. ಈಗ ಯೋಚಿಸಿದರೆ, ನನ್ನ ಬದುಕಿನಲ್ಲಿ ನನಗೆ ಸಿಕ್ಕ ದೊಡ್ಡ ರಿಯಾಯಿತಿ ಅದೇ.

ಅಕ್ಕನಿಗೆ ರಿಯಾಯಿತಿ ಇರಲಿಲ್ಲ. ಅಪ್ಪನ ವಿದ್ಯೆಯಲ್ಲಿ ಅರ್ಧ ಗರಡಿ ಮನೆಯದು. ಇನ್ನರ್ಧ, ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೂತಿರುತ್ತಿದ್ದ ಮಿಲಿಟರಿಯಿಂದ ನಿವೃತ್ತನಾದವನೊಬ್ಬನಿಂದ ಕೇಳಿದ್ದು. ಆತ ಏನು ಹೇಳಿದರೂ ಅಪ್ಪನಿಗೆ ಶಾಸ್ತ್ರ. ಓಡುವ ಮುಂಚೆ, ಓಡುವಾಗ, ಓಡಿದ ಮೇಲೆ ಮೈ ಆರುವವರೆಗೆ ನೀರು ಕುಡಿಯಬಾರದು, ಹೊಟ್ಟೆ ಜಡವಾಗುತ್ತದೆ ಎಂಬುದು ಆತನ ಮೊದಲ ಸೂತ್ರ. ಕುಷ್ಟಗಿಯ ಬೇಸಿಗೆಯಲ್ಲಿ ಬೆಳಿಗ್ಗೆ ಎಂಟಕ್ಕೇ ನೆಲ ಕಾಯುತ್ತದೆ. ಅಕ್ಕ ತುಟಿ ಒಣಗಿ ಬಿಳಿ ಕಟ್ಟಿಕೊಂಡು ಬರುತ್ತಿದ್ದಳು. ಅಪ್ಪ ನೀರಿನ ಕೊಡದ ಮುಂದೆ ಕೂತು ಬೀಡಿ ಸೇದುತ್ತ, ಅವಳ ಬೆವರು ಆರಲಿ ಎಂದು ಕಾಯುತ್ತಿದ್ದ. ಅವ್ವ ಹಿತ್ತಲಿನಲ್ಲಿ ಒದ್ದೆ ಸೆರಗಿನಿಂದ ಅವಳ ಮುಖ ಒರೆಸುವ ನೆವದಲ್ಲಿ ಆ ಸೆರಗಿನ ತುದಿಯನ್ನು ಬಾಯಿಗಿಡುವಳು. ಅಕ್ಕ ಅದನ್ನು ಹೀರುವಳು. ಸ್ವಂತ ಮನೆಯಲ್ಲಿ ನೀರು ಕದ್ದು ಕುಡಿಯುವ ಸ್ಥಿತಿ.

ಎರಡನೆಯದು ಮೊಟ್ಟೆ. ನಮ್ಮದು ಮೊಟ್ಟೆ ತಿನ್ನದ ಮನೆ. ಅವ್ವ ಒಲೆಯ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಅಪ್ಪ ಹೊರಗಿನ ಕಟ್ಟೆಯ ಮೇಲೆ ಕೂತು ಹಸಿ ಮೊಟ್ಟೆಯನ್ನು ಹಾಲಿನಲ್ಲಿ ಒಡೆದು ಕಲಕಿ ಕೊಡುತ್ತಿದ್ದ. ಅಕ್ಕ ಮೂಗು ಹಿಡಿದು ನುಂಗಿ, ಅವನು ಕೆಲಸಕ್ಕೆ ಹೋದ ಮೇಲೆ ಬೇಲಿಯ ಬದಿ ಕಕ್ಕುತ್ತಿದ್ದಳು. ಇದನ್ನು ಅಪ್ಪನಿಗೆ ನಾವು ಯಾರೂ ಹೇಳಲಿಲ್ಲ. ಆ ಲೋಟದಲ್ಲಿ ಎಲ್ಲ ಶಕ್ತಿಯೂ ಇದೆ ಎಂದು ಅವನು ನಂಬಿದ್ದ.

ಅಪ್ಪನ ಬಗ್ಗೆ ಒಂದು ಮಾತು ಹೇಳಲೇಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ಆ ಕಾಲದ ನಮ್ಮೂರಿನಲ್ಲಿ ಮೈನೆರೆದ ಹುಡುಗಿ ರಸ್ತೆಯಲ್ಲಿ ಓಡುವುದೆಂದರೆ ಸಣ್ಣ ಮಾತಲ್ಲ. ಅಪ್ಪ ದರ್ಜಿಗೆ ಹೇಳಿ ಅಕ್ಕನಿಗೆ ಕಾಲು ಮುಚ್ಚುವ ಪ್ಯಾಂಟು ಹೊಲಿಸಿದ. ನೋಡಲು ಜನ ರಸ್ತೆಗೆ ಬಂದು ನಿಂತರು. ಬಂಧುಗಳು ಮನೆಗೆ ಬಂದು, ನಾಳೆ ಇವಳನ್ನು ಯಾರು ಮಾಡಿಕೊಳ್ಳುತ್ತಾರೆ ಎಂದು ಕೇಳಿದರು. ಅಪ್ಪ ಅವರಿಗೆ ಚಹಾ ಕೊಡಿಸಿ ಕಳಿಸಿದ, ಅಷ್ಟೆ. ಕ್ರಮೇಣ ಅದೇ ಜನ ಹೊಗಳಲು ಶುರು ಮಾಡಿದರು. ಹೆಣ್ಣು ಮಗಳನ್ನು ಗಂಡಿನಂತೆ ಬೆಳೆಸಿದ್ದಾನೆ, ಎಂಥ ತಂದೆ ಎಂದರು. ಹೊಗಳಿದವರಲ್ಲಿ ಒಬ್ಬರಾದರೂ ಅಕ್ಕನನ್ನು ಕರೆದು, ನಿನಗೆ ಇದು ಬೇಕೇನವ್ವಾ ಎಂದು ಕೇಳಲಿಲ್ಲ.

ಆ ವರ್ಷದ ಜಿಲ್ಲಾ ಕೂಟ ಕೊಪ್ಪಳದಲ್ಲಿ. ಅಪ್ಪ, ಅಕ್ಕ, ನಾನು ಬಸ್ಸಿನಲ್ಲಿ ಹೋದೆವು. ಅಕ್ಕ ಎರಡನೆಯವಳಾಗಿ ಬಂದಳು. ಬಣ್ಣದ ದಾರದ ಪದಕವನ್ನು ಕೊರಳಿಗೆ ಹಾಕಿಕೊಂಡು ಬಂದಾಗ ಅವಳಿಗೆ ಖುಷಿಯೇ ಆಗಿತ್ತು. ಗೇಟಿನ ಹೊರಗೆ ಕಿನ್ನಾಳದ ಗೊಂಬೆ ಮಾರುವವನೊಬ್ಬ ಕೂತಿದ್ದ. ಕೆಂಪು ಹಳದಿ ಬಣ್ಣದ ಗಿಳಿಯೊಂದನ್ನು ಎತ್ತಿ ಅಪ್ಪನತ್ತ ನೋಡಿದಳು. ಮುಂದಿನ ವರ್ಷ ಮೊದಲನೆಯವಳಾಗು, ಆಗ ಕೊಡಿಸುತ್ತೇನೆ ಎಂದು ಅಪ್ಪ ಮುಂದೆ ನಡೆದ. ಕುಷ್ಟಗಿ ಮುಟ್ಟುವವರೆಗೆ ಬಸ್ಸಿನಲ್ಲಿ ಅವನು ಕಿಟಕಿಯ ಹೊರಗೇ ನೋಡುತ್ತಿದ್ದ. ಗೆದ್ದ ಹುಡುಗಿಯ ಕಾಲು ಹೇಗೆ ನೆಲ ಬಿಟ್ಟು ಏಳುತ್ತಿತ್ತು ಎಂದೇ ಯೋಚಿಸುತ್ತಿದ್ದ ಎಂದು ಆಮೇಲೆ ಗೊತ್ತಾಯಿತು.

ಏಕೆಂದರೆ ಮರುವಾರವೇ ಮರಳಿನ ಪಟ್ಟಿಗಳು ಬಂದವು.

ರಸ್ತೆ ಕೆಲಸದಲ್ಲಿ ಮಳೆಗೆ ಹೊದಿಸುವ ಹಳೆಯ ತಾಡಪತ್ರಿಯನ್ನು ಕತ್ತರಿಸಿ, ದರ್ಜಿಯ ಹತ್ತಿರ ಅಂಗೈಯಗಲದ ಉದ್ದನೆಯ ಚೀಲ ಹೊಲಿಸಿದ್ದ. ಒಳಗೆ ಮರಳು ತುಂಬಿ ಬಾಯಿ ಹೊಲಿದು, ಎರಡೂ ತುದಿಗೆ ಲಾಡಿ ಹಚ್ಚಿಸಿದ್ದ. ಕಣಕಾಲಿಗೆ ಸುತ್ತಿ ಕಟ್ಟಬೇಕು. ಭಾರ ಕಟ್ಟಿಕೊಂಡು ಓಡಿದ ಕಾಲು, ಭಾರ ಬಿಚ್ಚಿದಾಗ ಹಕ್ಕಿಯಾಗುತ್ತದೆ ಎಂಬುದು ಮಿಲಿಟರಿಯವನ ಹೊಸ ಸೂತ್ರ. ಮೊದಲು ಓಡುವಾಗ ಮಾತ್ರ ಕಟ್ಟಿದ. ಆಮೇಲೆ ಸಾಲಿಗೂ ಅವನ್ನೇ ಕಟ್ಟಿಕೊಂಡು ಹೋಗಬೇಕಾಯಿತು. ಪರಕಾರದ ಕೆಳಗೆ ಪಟ್ಟಿ ಕಟ್ಟಿಕೊಂಡು ಅಕ್ಕ ಕಾಲೆಳೆಯುತ್ತ ನಡೆಯುತ್ತಿದ್ದರೆ ಹುಡುಗಿಯರು ಹಿಂದಿನಿಂದ ನಗುತ್ತಿದ್ದರು. ಹೊಲಿಗೆ ಸಡಿಲಾದಾಗ ಕ್ಲಾಸಿನಲ್ಲಿ ಅವಳ ಬೆಂಚಿನ ಕೆಳಗೆ ಮರಳು ಸುರಿದಿರುತ್ತಿತ್ತು. ಕಸ ಹೊಡೆಯುವ ಹುಡುಗಿಯರು ಗೊಣಗುತ್ತಿದ್ದರು. ಅವಳು ತಾನೇ ಪೊರಕೆ ತಂದು ಗುಡಿಸುತ್ತಿದ್ದಳು.

ಕಾಲು ಹೊಂದಿಕೊಂಡಿತು ಎಂದು ತೋರಿದ ಹಾಗೆಲ್ಲ ಅಪ್ಪ ಹೊಲಿಗೆ ಬಿಚ್ಚಿ ಇನ್ನಷ್ಟು ಮರಳು ತುಂಬುತ್ತಿದ್ದ. ಮಳೆಗಾಲ ಮುಗಿಯುವ ಹೊತ್ತಿಗೆ ಮರಳು ತೆಗೆದು ಕಬ್ಬಿಣದ ಚೂರು ಹಾಕಿದ. ಡಾಂಬರು ರಸ್ತೆಯ ಮೇಲೆ ಓಟ. ವಾರದ ಏಳೂ ದಿನ. ಹಬ್ಬದ ದಿನವಾದರೂ ಬಿಡೋಣ ಎಂದು ಅವ್ವ ಅಂದರೆ, ಗರಡಿಯಲ್ಲಿ ಒಂದು ದಿನ ಸಾಮು ಬಿಟ್ಟರೆ ಏಳು ದಿನದ ಸಾಮು ಹಾಳು ಎಂದು ಉಸ್ತಾದ ಹೇಳುತ್ತಿದ್ದನೆಂದು ಬಾಯಿ ಮುಚ್ಚಿಸಿದ. ಕಾಲಿಗೆ ಬೂಟು ಬೇಕೆಂದು ಬಿಳಿ ಕ್ಯಾನ್ವಾಸ್ ಬೂಟು ತಂದ. ತಳ ತೆಳುವೆನಿಸಿ, ಚಪ್ಪಲಿ ಹೊಲಿಯುವವನಿಂದ ಲಾರಿ ಟಾಯರಿನ ತಳ ಹಾಕಿಸಿದ. ಅದು ಬಾಗುತ್ತಲೇ ಇರಲಿಲ್ಲ. ಹಲಗೆ ಕಟ್ಟಿಕೊಂಡು ಓಡಿದ ಹಾಗೆ ರಸ್ತೆಯ ಮೇಲೆ ಟಪ್ ಟಪ್ ಸದ್ದು ಬರುತ್ತಿತ್ತು.

ಅಕ್ಕನ ಬಲಗಾಲಿನ ಕಣಕಾಲ ಎಲುಬಿನಲ್ಲಿ ನೋವು ಶುರುವಾಯಿತು. ಮೊದಲು ಓಡಿದ ಮೇಲೆ ಬರುತ್ತಿತ್ತು. ಆಮೇಲೆ ಓಡುವಾಗಲೇ. ಆಮೇಲೆ ಸುಮ್ಮನೆ ಕೂತಾಗಲೂ. ಬೆರಳಿಟ್ಟು ತೋರಿಸುವಷ್ಟು ಒಂದೇ ಜಾಗ. ಅಲ್ಲಿ ಮುಟ್ಟಿದರೆ ಕಾಲು ಹಿಂದಕ್ಕೆಳೆದುಕೊಳ್ಳುವಳು.

"ಅಪ್ಪಾ, ಎಲುಬಿನಾಗ ಬ್ಯಾನಿ ಆಗಾಕತ್ತೈತಿ. ನಾಕು ದಿನ ಬಿಡ್ತಿಯೇನು?" ಎಂದು ಒಮ್ಮೆ ಕೇಳಿದಳು. ನಮ್ಮ ಕಡೆ ಅಪ್ಪನಿಗೆ ನೀ ಎಂದೇ ಮಾತಾಡುವುದು. ಅವ್ವ ಅಪ್ಪ ಎಂದರೆ ಅಷ್ಟು ಸಲಿಗೆ.

ಅಪ್ಪ ಸಿಟ್ಟಾಗಲಿಲ್ಲ. ಅದೇ ಹೇಳಬೇಕಾದ್ದು. ಸಿಟ್ಟಾಗಿದ್ದರೆ ಅವಳು ಹಟ ಹಿಡಿಯುತ್ತಿದ್ದಳೇನೋ. ಅವನು ಎಳ್ಳೆಣ್ಣೆ ಕಾಯಿಸಿಕೊಂಡು ಬಂದು, ಅವಳ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ತಿಕ್ಕಿದ. ಗರಡಿಯವನ ಬಿರುಸು ಕೈ. ಅವಳು ಪರಕಾರದ ಅಂಚು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಳು. ಬ್ಯಾನಿ ಬಂತೆಂದರೆ ಕಾಲಿಗೆ ಬಲ ಬರುತ್ತಿದೆ ಎಂದು ತಿಳಿ, ಇದನ್ನು ದಾಟಿದವರೇ ಮುಂದೆ ಹೋಗುವುದು ಎಂದು ಮೆಲ್ಲಗೆ, ಪ್ರೀತಿಯಿಂದ ಹೇಳಿದ. ದಿನವೂ ಸಂಜೆ ಹೀಗೆ ತಿಕ್ಕಿದ, ದಿನವೂ ಬೆಳಿಗ್ಗೆ ಓಡಿಸಿದ.

ಅವ್ವ ಅಪ್ಪನಿಗೆ ಎದುರು ಮಾತಾಡಿದ್ದನ್ನು ನಾನು ಕಂಡದ್ದು ಒಂದೇ ಸಲ. ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ ಹೇಳಿದಳು.

"ಹುಡುಗಿ ಮಕ್ಕೊಂಡಾಗೂ ಕಾಲು ಹಿಡಕೊಂಡ ಮಕ್ಕೋತಾಳ. ನೀವು ನೋಡಿದ್ರೂ ನೋಡದಂಗ ಇರಾಕತ್ತೀರಿ."

"ಹೊಸದಾಗಿ ನೊಗ ಹೂಡಿದಾಗ ಎತ್ತಿನ ಹೆಗಲು ಬಾವು ಬರಂಗಿಲ್ಲೇನು? ಆಮ್ಯಾಲೆ ತಾನ ಗಟ್ಟಿ ಆಗತೈತಿ."

"ಇಕಿ ಎತ್ತಲ್ರಿ" ಎಂದಳು ಅವ್ವ.

ಅಪ್ಪ ತಾಟು ಸರಿಸಿ ಎದ್ದುಹೋದ. ಮಾತು ಅಲ್ಲಿಗೆ ಮುಗಿಯಿತು. ಜಿಲ್ಲಾ ಕೂಟ ಹತ್ತಿರ ಬಂದಿತ್ತು.

ಆ ವರ್ಷ ಅದು ಗಂಗಾವತಿಯಲ್ಲಿ ನಡೆಯಿತು. ಕಾಲುವೆಯ ನೀರುಂಡ ಸೀಮೆ. ಬಸ್ಸಿನ ಎರಡೂ ಬದಿಗೆ ಕಣ್ಣು ಹಾಯುವವರೆಗೆ ಭತ್ತ. ಮೈದಾನವನ್ನು ನೀರು ಹೊಡೆದು, ರೋಲರ್ ಎಳೆದು, ಸುಣ್ಣದ ಗೆರೆ ಹಾಕಿ ಚೊಕ್ಕ ಮಾಡಿಟ್ಟಿದ್ದರು. ಅಂಥ ಸಮತಟ್ಟಾದ ನೆಲದ ಮೇಲೆ ಅಕ್ಕ ಅದುವರೆಗೆ ಓಡಿರಲಿಲ್ಲ. ಬೇರೆ ಊರಿನ ಒಂದು ಹುಡುಗಿಯರ ತಂಡ ಮರದ ನೆರಳಿನಲ್ಲಿ ಜಮಖಾನೆ ಹಾಸಿ ಮಲಗಿತ್ತು. ಕಾಲುಗಳನ್ನು ಚೀಲದ ಮೇಲೆ ಎತ್ತರಕ್ಕೆ ಇಟ್ಟುಕೊಂಡಿದ್ದರು. ಅವರ ಮೇಡಂ ಒಬ್ಬೊಬ್ಬರಿಗೂ ಗ್ಲೂಕೋಸ್ ಬೆರೆಸಿದ ನೀರು ಕೊಡುತ್ತಿದ್ದಳು. ಇವು ಓಡುವ ಕುದುರೆಗಳಲ್ಲ, ಮದುವೆಗೆ ಬಂದ ಬೀಗರು ಎಂದು ಅಪ್ಪ ನಕ್ಕ. ಅಕ್ಕ ಆ ನೀರಿನ ಲೋಟಗಳನ್ನೇ ನೋಡುತ್ತಿದ್ದಳು.

ಓಟ ಶುರುವಾಗುವ ಮೊದಲು ಅಪ್ಪ ಅವಳ ಕಾಲಿನ ಪಟ್ಟಿ ಬಿಚ್ಚಿದ. ಟಾಯರಿನ ಬೂಟನ್ನೂ ಬಿಚ್ಚಿಸಿದ. ಪಟ್ಟಿ ಇದ್ದ ಜಾಗದಲ್ಲಿ ಚರ್ಮ ಬಿಳಿಚಿ ಸುಕ್ಕಾಗಿತ್ತು. ಈಗ ಹಾರು ಎಂದು ಬೆನ್ನು ತಟ್ಟಿದ.

ಅವಳು ನಿಜಕ್ಕೂ ಹಾರಿದಳು. ಮೊದಲನೆಯ ಸುತ್ತಿನಲ್ಲಿ ಯಾರೂ ಅವಳ ಹತ್ತಿರ ಇರಲಿಲ್ಲ. ಮೈದಾನದ ಜನವೆಲ್ಲ ಎದ್ದು ನಿಂತಿತು. ನಾನೂ ಕೂಗುತ್ತಿದ್ದೆ. ಎರಡನೆಯ ಸುತ್ತಿನ ಅರ್ಧಕ್ಕೆ, ನಮ್ಮೆದುರಿನ ನೇರ ಹಾದಿಯಲ್ಲಿ, ಅವಳು ಒಮ್ಮೆಲೇ ಕೂತುಬಿಟ್ಟಳು. ಎಡವಿ ಬಿದ್ದವರು ಮುಂದಕ್ಕೆ ಬೀಳುತ್ತಾರೆ. ಅವಳು ಬಿದ್ದದ್ದು ಹಾಗಲ್ಲ. ಬಲಗಾಲು ಊರಿದಳು, ಕಾಲು ಅವಳನ್ನು ಹೊರಲಿಲ್ಲ. ಒಣ ಕಟ್ಟಿಗೆ ಮುರಿದಂಥ ಸದ್ದು ನನಗೆ ಕೇಳಿಸಿತು. ಅಷ್ಟು ದೂರದಿಂದ ಹೇಗೆ ಕೇಳಿಸೀತು ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಕೇಳಿಕೊಂಡಿದ್ದೇನೆ. ಆದರೂ ಕೇಳಿಸಿತು.

ಅಪ್ಪ ಸುಣ್ಣದ ಗೆರೆ ದಾಟಿ ಓಡಿದ. ಹಿಂದೆಯೇ ನಾನು. ಮಿಕ್ಕ ಹುಡುಗಿಯರು ಪಕ್ಕದಿಂದ ಹಾದುಹೋಗುತ್ತಿದ್ದರು. ಅಪ್ಪ ಬಗ್ಗಿ, ಅವಳ ರಟ್ಟೆ ಹಿಡಿದು ಎತ್ತಲು ನೋಡಿದ.

"ಏಳ ಯವ್ವಾ, ಇನ್ನೂ ಮುಗಿದಿಲ್ಲ. ಏಳು."

"ಏಳಾಕ ಬರಂಗಿಲ್ಲಪ್ಪಾ" ಎಂದಳು ಅಕ್ಕ. ಅವಳು ಅಳುತ್ತಿರಲಿಲ್ಲ. ಕಾಲನ್ನು ನೋಡುತ್ತಿದ್ದಳು. ಮೊಳಕಾಲಿನ ಕೆಳಗೆ ಅದು ಬೇರೆ ದಿಕ್ಕಿಗೆ ತಿರುಗಿತ್ತು.

ಆಸ್ಪತ್ರೆಯಲ್ಲಿ ಕ್ಷ-ಕಿರಣದ ಫೋಟೋ ತೆಗೆದರು. ಡಾಕ್ಟರು ಹರೆಯದವರು, ಮೈಸೂರಿನ ಕಡೆಯ ಮಾತು. ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಇದು ಇವತ್ತೇ ಮುರಿದದ್ದಲ್ಲ. ಮೊದಲೇ ಬಿರುಕು ಬಿಟ್ಟಿದೆ. ತಿಂಗಳುಗಟ್ಟಲೆ ನೋವು ಇದ್ದಿರಬೇಕಲ್ಲ? ಯಾಕೆ ಓಡಿಸಿದಿರಿ?"

ಅಪ್ಪ ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ. "ಬ್ಯಾನಿ ಇರಲಿಲ್ರಿ ಸಾಹೇಬ್ರ" ಎಂದ. "ಮೈದಾನದಾಗ ತಗ್ಗಿತ್ತು. ಕಾಲು ತಗ್ಗಿನಾಗ ಹೋತು."

ಡಾಕ್ಟರು ಅಕ್ಕನನ್ನು ನೋಡಿದರು. ಅಕ್ಕ ಅಪ್ಪನನ್ನು ನೋಡಿದಳು. ಆಮೇಲೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಡಾಕ್ಟರು ಇನ್ನೇನೂ ಕೇಳದೆ ಪ್ಲಾಸ್ಟರಿಗೆ ಹೇಳಿ ಹೋದರು.

ಆ ಸುಳ್ಳು ನಮಗಿಂತ ಮೊದಲೇ ಕುಷ್ಟಗಿ ಮುಟ್ಟಿತ್ತು. ಗಂಗಾವತಿಯ ಮೈದಾನದಲ್ಲಿ ತಗ್ಗು ಬಿಟ್ಟಿದ್ದರಂತೆ, ಮುಂದಿದ್ದ ಹುಡುಗಿ ಬಿದ್ದಳಂತೆ. ಸಾಲಿಯ ಮಾಸ್ತರರು ಬಂದು ಮರುಗಿದರು. ಮಿಲಿಟರಿಯವನು ಬಂದು, ಗಂಗಾವತಿಯವರು ಬೇಕೆಂದೇ ಹೀಗೆ ಮಾಡಿದ್ದಾರೆ ಎಂದು ಹಲ್ಲು ಕಡಿದ. ಪ್ಲಾಸ್ಟರ್ ಹಾಕಿದ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಅಕ್ಕ ಎಲ್ಲವನ್ನೂ ಕೇಳುತ್ತಿದ್ದಳು. ಬಂದವರ ಮುಂದೆ ಅಪ್ಪ ತಗ್ಗಿನ ವರ್ಣನೆ ಮಾಡುತ್ತಿದ್ದ. ರಸ್ತೆಯ ತಗ್ಗು ಮುಚ್ಚಿಸಿಯೇ ಜೀವನ ಕಳೆದವನು, ಅವನಿಗೆ ತಗ್ಗಿನ ಬಗ್ಗೆ ತಿಳಿಯದ್ದೇನಿದೆ? ಎಷ್ಟು ಅಗಲ, ಎಷ್ಟು ಆಳ, ಮೇಲೆ ಹೇಗೆ ಹುಡಿಮಣ್ಣು ಮುಚ್ಚಿತ್ತು ಎಂದು ಹೇಳುತ್ತಿದ್ದ. ನಾಲ್ಕಾರು ಸಲ ಹೇಳಿದ ಮೇಲೆ ಅವನೇ ಅದನ್ನು ಕಂಡವನಂತೆ ಆಗಿಬಿಟ್ಟ.

ಕಾಲು ಕೂಡಿತು, ಆದರೆ ಸೊಟ್ಟಗೆ ಕೂಡಿತು. ಪ್ಲಾಸ್ಟರ್ ಬಿಚ್ಚುವ ದಿನಕ್ಕೆ ಮೊದಲೇ, ಹೆಚ್ಚು ದಿನ ಕಟ್ಟಿದರೆ ಕಾಲು ಸೊರಗುತ್ತದೆಂದು ಅಪ್ಪ ತಾನೇ ಅದನ್ನು ನೆನೆಸಿ ಕತ್ತರಿಸಿ ತೆಗೆದು, ನಾಟಿ ಕಟ್ಟು ಕಟ್ಟಿಸಿದ್ದ. ಬಲಗಾಲು ಒಂದಿಷ್ಟು ಗಿಡ್ಡವಾಯಿತು. ಅವಳು ಕುಂಟುತ್ತ ಮೆಟ್ರಿಕ್ ಮುಗಿಸಿದಳು. ಓಟದ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ.

ಮದುವೆಯ ಮಾತು ಬಂದಾಗ ಕನ್ಯೆ ನೋಡಲು ಬಂದವರು ಮೊದಲು ಹಾಡು ಕೇಳಲಿಲ್ಲ, ಅಡಿಗೆ ಕೇಳಲಿಲ್ಲ. ಹುಡುಗನ ಸೋದರಮಾವನೊಬ್ಬ ಚಹಾ ಕುಡಿದು, ಬಾಯಿ ಒರೆಸಿಕೊಂಡು, "ಒಂದೀಟು ನಡದು ತೋರಸ್ರಿ" ಎಂದ. ಅಕ್ಕ ಪಡಸಾಲೆಯ ಈ ಗೋಡೆಯಿಂದ ಆ ಗೋಡೆಗೆ ನಡೆದು ತೋರಿಸಿದಳು. ತಿರುಗಿ ಬರಲು ಹೇಳಿದರು. ಬಂದಳು. ಅಪ್ಪ ಪದಕವನ್ನು ತಂದು ಅವರ ಕೈಗಿಟ್ಟು ತಗ್ಗಿನ ಕತೆ ಹೇಳಿದ. ಅವರು ಹೋದವರು ಮತ್ತೆ ಬರಲಿಲ್ಲ. ಹೀಗೆ ಎಷ್ಟೋ ಮಂದಿ ಬಂದು ಹೋದ ಮೇಲೆ, ಯಲಬುರ್ಗಾದ ಒಬ್ಬ ಅರಿವೆ ಅಂಗಡಿಯವನು ಒಪ್ಪಿದ. ವಯಸ್ಸಿನಲ್ಲಿ ಬಹಳ ದೊಡ್ಡವನು, ಸ್ವಭಾವದಿಂದ ಒಳ್ಳೆಯವನು. ಅವನು ಅವಳನ್ನು ನಡೆಸಿ ನೋಡಲಿಲ್ಲ. ಅದೊಂದಕ್ಕೇ ನಾನು ಭಾವನನ್ನು ಇವತ್ತಿಗೂ ಗೌರವಿಸುತ್ತೇನೆ.

ನಾನು ದೈಹಿಕ ಶಿಕ್ಷಕಿಯಾಗುವ ತರಬೇತಿಗೆ ಹೋದೆ. ಅಪ್ಪನೇ ಕಳಿಸಿದ. ಸರಕಾರಿ ನೌಕರಿ ಸಿಗುತ್ತದೆ ಎಂಬುದು ಅವನ ಕಾರಣ. ಅಲ್ಲಿ ಒಂದು ಮಧ್ಯಾಹ್ನ ಲೆಕ್ಚರರು ಬೋರ್ಡಿನ ಮೇಲೆ ಕಾಲಿನ ಚಿತ್ರ ಬರೆದು ಪಾಠ ಮಾಡಿದರು. ಗಟ್ಟಿ ನೆಲದ ಮೇಲೆ ದಿನಾಲು ಓಡಿಸಿದರೆ ಈ ಎಲುಬಿನಲ್ಲಿ ಕೂದಲೆಳೆಯಂಥ ಬಿರುಕು ಬರುತ್ತದೆ. ಒಂದೇ ಜಾಗದಲ್ಲಿ ನೋವೆಂದರೆ ಅದರ ಗುರುತು. ತಿಂಗಳೆರಡು ತಿಂಗಳು ವಿಶ್ರಾಂತಿ ಕೊಟ್ಟರೆ ತಾನೇ ವಾಸಿಯಾಗುತ್ತದೆ. ಬೆಳೆಯುವ ಮಕ್ಕಳ ಕಾಲಿಗೆ ಭಾರ ಕಟ್ಟಿ ಓಡಿಸಬಾರದು. ಓಡುವವರಿಗೆ ಆಗಾಗ ನೀರು ಕೊಡಬೇಕು. ಅವರು ಇಷ್ಟನ್ನು ಹೇಳಿ ಮುಗಿಸಿದಾಗ ಗಂಟೆ ಕೂಡ ಹೊಡೆದಿರಲಿಲ್ಲ. ಪಕ್ಕದವರು ಬರೆದುಕೊಳ್ಳುತ್ತಿದ್ದರು. ನನಗೆ ಕೈ ಏಳಲಿಲ್ಲ. ಇದು ಯಾರಿಗೂ ತಿಳಿಯದ ಗುಟ್ಟಾಗಿದ್ದರೆ ನಾನು ಅಪ್ಪನನ್ನು ಕ್ಷಮಿಸುತ್ತಿದ್ದೆ. ಕೊಪ್ಪಳದಲ್ಲೋ ಗಂಗಾವತಿಯಲ್ಲೋ ತಿಳಿದ ಒಬ್ಬರನ್ನು ಕೇಳಿದ್ದರೆ ಸಿಗುವಂಥ ಮಾತು. ಕೇಳುವುದಿರಲಿ, ಅಕ್ಕ ತಾನೇ ಬಾಯಿಬಿಟ್ಟು ಹೇಳಿದ್ದಳಲ್ಲ.

ರಜೆಗೆ ಬಂದಾಗ ಇದನ್ನು ಅಪ್ಪನ ಮುಂದೆ ಹೇಳಿದೆ. ಅವನು ಕೇಳಿಸಿಕೊಂಡ. ಪುಸ್ತಕ ಬರೆಯುವವರು ಎಂದೂ ಓಡಿದವರಲ್ಲ ಎಂದ. ನಾನು ಓಡಿಸಿರದಿದ್ದರೆ ನಿನಗೆ ಈ ಕಾಲೇಜಿನ ಬಾಗಿಲು ತೆರೆಯುತ್ತಿತ್ತೇ ಎಂದ. ಅದರಲ್ಲಿ ಸ್ವಲ್ಪ ನಿಜವಿತ್ತು. ಅದಕ್ಕೇ ಅದು ನನಗೆ ಹೆಚ್ಚು ಕಹಿಯಾಯಿತು.

ಎಂಬತ್ತರ ದಶಕದ ಕೊನೆಗೆ ಅಪ್ಪ ನಿವೃತ್ತನಾದ. ಆ ವರ್ಷ ನಾನು ಕೆಲಸ ಮಾಡುತ್ತಿದ್ದ ಊರಿನ ಸಾಲಿಯವರು ಆಟೋಟದ ದಿನ ಅವನಿಗೆ ಶಾಲು ಹೊದಿಸುವುದೆಂದು ತೀರ್ಮಾನಿಸಿದರು. ಈ ಸೀಮೆಯಲ್ಲಿ ಹೆಣ್ಣು ಮಕ್ಕಳನ್ನು ಮೈದಾನಕ್ಕೆ ತಂದ ಮೊದಲಿಗ ಎಂದು. ನಾನು ಬೇಡವೆಂದೆ. ಹೆಡ್ ಮಾಸ್ತರರು ಅದನ್ನು ನನ್ನ ಸಂಕೋಚವೆಂದುಕೊಂಡರು. ಅಕ್ಕನನ್ನೂ ಅವರೇ ಕರೆಸಿದರು. ಅವಳು ತನ್ನ ಐದು ವರ್ಷದ ಮಗಳನ್ನು ಕರೆದುಕೊಂಡು ಯಲಬುರ್ಗಾದಿಂದ ಬಂದಳು.

ಅಪ್ಪ ಶಾಲು ಹೊದ್ದು ಮೈಕಿನ ಮುಂದೆ ನಿಂತ. ನಸುಕಿನ ಓಟ, ಊರಿನವರ ಕೊಂಕು, ಪ್ಯಾಂಟು, ಎಲ್ಲವನ್ನೂ ಹೇಳಿದ. ಚೆನ್ನಾಗಿಯೇ ಹೇಳಿದ. ಮಕ್ಕಳು ಚಪ್ಪಾಳೆ ತಟ್ಟಿದರು. ಕೊನೆಗೆ ಗಂಗಾವತಿಯ ತಗ್ಗಿಗೆ ಬಂದ. ಆ ತಗ್ಗು ಇರದಿದ್ದರೆ ನನ್ನ ಮಗಳು ಬೆಂಗಳೂರಿನಲ್ಲಿ ಓಡುತ್ತಿದ್ದಳು ಎಂದು ಹೇಳುವಾಗ ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡ. ಅದು ನಾಟಕವಲ್ಲ, ಕಣ್ಣಲ್ಲಿ ನಿಜವಾಗಿ ನೀರಿತ್ತು. ಅಕ್ಕ ವೇದಿಕೆಯ ಮೇಲೆ ಸೆರಗು ಹೊದ್ದು, ಕೈ ಕಟ್ಟಿಕೊಂಡು ಕೂತಿದ್ದಳು. ಮಾತಾಡಲು ಕರೆದಾಗ ತಲೆ ಅಲ್ಲಾಡಿಸಿ ಒಲ್ಲೆ ಎಂದಳು.

ಸಭೆ ಮುಗಿದು ಜನ ಮೈದಾನದಲ್ಲಿ ಚದುರಿದರು. ಅಕ್ಕನ ಮಗಳು ಬೇರೆ ಮಕ್ಕಳ ಜೊತೆ ಸುಣ್ಣದ ಗೆರೆಯ ಮೇಲೆ ಓಡುತ್ತಿತ್ತು. ಅಪ್ಪ ಕುರ್ಚಿಯಲ್ಲಿ ಕೂತು ಅದನ್ನೇ ನೋಡುತ್ತಿದ್ದ. ಸ್ವಲ್ಪ ಹೊತ್ತಿಗೆ ಅದನ್ನು ಹತ್ತಿರ ಕರೆದ. ತನ್ನೆದುರು ನಿಲ್ಲಿಸಿಕೊಂಡು, ಬಗ್ಗಿ, ಅದರ ಮೀನಖಂಡವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಪಕ್ಕದಲ್ಲಿದ್ದ ಮಾಸ್ತರರಿಗೆ, ತಾಯಿಯದೇ ಕಾಲು ಎಂದ.

ಅಕ್ಕ ಮೈದಾನದ ಆಚೆ ಬದಿಗೆ ಹೆಂಗಸರ ಜೊತೆ ನಿಂತಿದ್ದಳು. ಅವಳು ಅಷ್ಟು ಬೇಗ ನಡೆದದ್ದನ್ನು ಕಾಲು ಮುರಿದ ಮೇಲೆ ನಾನು ನೋಡಿರಲಿಲ್ಲ. ಒಂದು ಬದಿಗೆ ವಾಲುತ್ತ, ಸೀರೆಯ ನಿರಿಗೆ ಎತ್ತಿ ಹಿಡಿದು, ನೇರವಾಗಿ ಬಂದು ಮಗುವಿನ ಕೈ ಹಿಡಿದು ತನ್ನ ಕಡೆ ಎಳೆದುಕೊಂಡಳು.

"ಇಕಿ ಕಾಲಿಗೆ ಕೈ ಹಚ್ಚಬ್ಯಾಡ್ರಿ" ಎಂದಳು.

ಅಪ್ಪನಿಗೆ ಅವಳು ರಿ ಹಚ್ಚಿ ಮಾತಾಡಿದ್ದು ಅದೇ ಮೊದಲು. ಪರ ಮಂದಿಗೆ ಹಚ್ಚುವ ರಿ. ಅಪ್ಪನಿಗೂ ಅದು ತಟ್ಟಿತು. ಅವನ ಕೈ ಗಾಳಿಯಲ್ಲೇ ನಿಂತಿತ್ತು.

"ಯಾಕ ಬೇ, ಮೊಮ್ಮಗಳ ಕಾಲು ಮುಟ್ಟಿದ್ರ ಏನಾತು?"

"ಗಂಗಾವತಿ ಮೈದಾನದಾಗ ತಗ್ಗು ಇರಲಿಲ್ಲ. ನಿಮಗೂ ಗೊತ್ತೈತಿ, ನನಗೂ ಗೊತ್ತೈತಿ."

ಮಾಸ್ತರರು ಬೇರೆ ಕಡೆ ನೋಡಿದರು. ಎಲ್ಲರ ಮುಂದೆ ಇದನ್ನು ಯಾಕೆ ತೆಗೆಯುತ್ತೀ ಎಂದು ಅಪ್ಪ ದನಿ ತಗ್ಗಿಸಿ ಕೇಳಿದ.

"ಎಲ್ಲಾರ ಮುಂದ ಹೇಳಿದವರು ನೀವು" ಎಂದಳು ಅಕ್ಕ. ಮಗುವಿನ ಕೈ ಹಿಡಿದುಕೊಂಡೇ ಬಸ್ ಸ್ಟ್ಯಾಂಡಿನ ದಾರಿ ಹಿಡಿದಳು. ಊಟಕ್ಕೂ ನಿಲ್ಲಲಿಲ್ಲ. ನಾನು ಅವರನ್ನು ಬಸ್ಸು ಹತ್ತಿಸಿ ಬಂದೆ. ದಾರಿಯಲ್ಲಿ ಅವಳು, ಈ ಸಲ ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಮಾಡಿ ಕಳಿಸುತ್ತೇನೆ, ಡಬ್ಬಿ ತಿರುಗಿ ಕಳಿಸು ಎಂದಳು, ಅಷ್ಟೆ.

ಆ ದಿನದಿಂದ ಅಪ್ಪ ಬದಲಾದ ಎಂದು ಬರೆಯಲು ನನಗೂ ಇಷ್ಟ. ಬದಲಾಗಲಿಲ್ಲ. ಕೆಲವು ತಿಂಗಳು ಚಹಾದಂಗಡಿಗೆ ಹೋಗದೆ ಮನೆಯಲ್ಲೇ ಕೂತ. ಆಮೇಲೆ ಹೋದ. ತಗ್ಗಿನ ಕತೆಯನ್ನು ಮತ್ತೆ ಹೇಳತೊಡಗಿದ. ಮೊದಲು ಹಿಮ್ಮಡ ಮುಳುಗುವಷ್ಟಿದ್ದ ತಗ್ಗು ವರ್ಷ ಕಳೆದಂತೆ ಮೊಳಕಾಲಿಗೆ ಬಂತು. ಹೊಸದಾಗಿ ಒಂದು ಮಾತು ಸೇರಿಸಿಕೊಂಡ. ಮಗಳಿಗೆ ಬಿದ್ದ ಪೆಟ್ಟಿಗೆ ಮನಸ್ಸು ಕೆಟ್ಟು, ಈಗ ಏನೇನೋ ಮಾತಾಡುತ್ತಾಳೆ ಎಂದು. ಕೇಳಿದವರು ಪಾಪ ಎನ್ನುತ್ತಿದ್ದರು. ಯಾರಿಗೆ ಪಾಪ ಅನ್ನುತ್ತಿದ್ದರೋ.

ಅಕ್ಕ ಅವ್ವನನ್ನು ನೋಡಲು ಆಗಾಗ ಬರುತ್ತಿದ್ದಳು. ಅಪ್ಪನಿಗೆ ಊಟ ಬಡಿಸುತ್ತಿದ್ದಳು, ಇನ್ನಷ್ಟು ಹಾಕಲೇನ್ರಿ ಎಂದು ಕೇಳುತ್ತಿದ್ದಳು. ಆ ರಿ ಹಾಗೇ ಉಳಿಯಿತು. ಅಪ್ಪ ಪ್ರತಿ ಸಲವೂ 'ಮೊಮ್ಮಗಳು ಎಲ್ಲಿ?' ಎಂದು ಕೇಳುತ್ತಿದ್ದ. ಸಾಲಿ ಐತ್ರಿ ಎಂದೋ, ಜ್ವರ ಬಂದಾವ್ರಿ ಎಂದೋ ಅವಳು ಹೇಳುತ್ತಿದ್ದಳು. ಮಗಳನ್ನು ಯಲಬುರ್ಗಾದಲ್ಲೇ ಬಿಟ್ಟು ಬರುತ್ತಿದ್ದಳು.